ನೀಲಿ ಮುಖದ ಜನರಲ್ ಮತ್ತು ನಮ್ಮ ಓಣಿಯ ಕೂದಲು

ಬೈಯುವಾಗಲೂ ‘ಅಳಿಯಾ’ ಎಂದೇ ಬೈಯುತ್ತಿದ್ದ ನನ್ನ ಸೋದರತ್ತೆಗೆ,

ಎಸ್ಸೆಸ್ಸೆಲ್ಸಿ ಮುಗಿಸಿ ಭಾಗ್ಯನಗರದ ಕಟ್ಟೆ ಕಟ್ಟೆ ಅಲೆಯುತ್ತಿದ್ದಾಗ ನನ್ನನ್ನು ಕಿವಿ ಹಿಡಿದು ನಿನ್ನ ತಗಡಿನ ಶೆಡ್ಡಿಗೆ ಎಳೆದುಕೊಂಡು ಹೋದೆಯಲ್ಲ, ನೆನಪಿದೆಯಾ? ಓಣಿಯ ಹೆಂಗಸರು ಅಲ್ಲಿ ಕೂತು, ಊರೂರಿಂದ ಬಂದ ಕೂದಲ ಉಂಡೆಗಳನ್ನು ಬಿಡಿಸಿ, ಹಣಿಗೆಯಂತೆ ಮೊಳೆ ಹೊಡೆದ ಹಲಗೆಯ ಮೇಲೆ ಎಳೆದು ಹಿಕ್ಕಿ, ಉದ್ದ ನೋಡಿ ಕಟ್ಟು ಕಟ್ಟುತ್ತಿದ್ದರು. ಆ ಕಟ್ಟುಗಳು ಚೀನಾಕ್ಕೆ ಹೋಗಿ ವಿಗ್ ಆಗುತ್ತಿದ್ದವು. ನನಗೆ ಕೊಟ್ಟ ಕೆಲಸ ಮಾತ್ರ ಬೇರೆ. ರವಿವಾರ ಮುಂಜಾನೆ ಟಿವಿಯಲ್ಲಿ ಬರುವ ಬಾಹ್ಯಾಕಾಶ ಯುದ್ಧದ ಹಿಂದಿ ಧಾರಾವಾಹಿಯನ್ನು ಎಲ್ಲರಿಗೂ ಕನ್ನಡದಲ್ಲಿ ಹೇಳುವುದು.

“ಹಿಂದ್ಯಾಗ ಎಷ್ಟ್ ಬಿದ್ದಿದ್ವು ನಿನಗ?”

“ಪಾಸಾಗೇನಿ, ಅತ್ತಿ.”

“ಸಾಕು, ಕುಂದ್ರು. ಅವ್ರು ಹಡಗ ಯಾಕ ಸುಟ್ರು, ಅದನ್ನ ಹೇಳು ಮದ್ಲ.”

ಇಡೀ ಓಣಿ ಭೂಮಿಯವರ ಕಡೆ ಇತ್ತು. ನೀನೊಬ್ಬಳು ಶತ್ರು ಗ್ರಹದ ಕಡೆ. ನೀಲಿ ಮುಖ, ಮೊಣಕಾಲು ಮುಟ್ಟುವ ಕೂದಲು, ಶತ್ರು ಸೇನೆಯ ಆ ಹೆಣ್ಣು ಜನರಲ್ ಪರದೆಗೆ ಬಂದರೆ ನಿನ್ನ ಕೈ ಹಲಗೆಯ ಮೇಲೇ ನಿಲ್ಲುತ್ತಿತ್ತು. “ಆಕಿ ನಮ್ಮ ವೈರಿ, ಅತ್ತಿ,” ಎಂದರೆ, “ವೈರಿ ಇದ್ರೇನಾತು? ಕೂದಲಾ ನಮ್ದ! ಅದನ್ನ ನಾನ ಹಿಕ್ಕೇನಿ, ನನ್ನ ಕೈ ನನಗ ಗುರ್ತ ಸಿಗೂದಿಲ್ಲೇನು?” ಎನ್ನುತ್ತಿದ್ದೆ. ಯಾರು ವಾದ ಮಾಡಬೇಕು ನಿನ್ನ ಜೊತೆ? ಕೊಪ್ಪಳದಲ್ಲಿ ಅವಳ ಫೋಟೋ ದೊಡ್ಡದಾಗಿ ತೆಗೆಸಿಕೊಂಡು ಬಾ ಎಂದು ನನ್ನನ್ನೇ ಅಟ್ಟಿದೆ, ತಂದಮೇಲೆ ಶೆಡ್ಡಿನ ಬಾಗಿಲಿಗೆ ನೀನೇ ಹಚ್ಚಿದೆ.

ಗಡಿಯಲ್ಲಿ ಚೀನಾದವರ ಜೊತೆ ಬಡಿದಾಟವಾಗಿ ನಮ್ಮ ಸೈನಿಕರು ಸತ್ತ ಸುದ್ದಿ ಬಂದ ದಿನ ನೀನು ಏನು ಮಾಡಿದೆ ಎಂಬುದು ಎಷ್ಟು ಜನಕ್ಕೆ ಗೊತ್ತು? ಟಿವಿ ಬಂದ್ ಮಾಡಿದೆ. ಹಲಗೆಗಳನ್ನೆಲ್ಲ ಗೋಡೆಗೆ ಆನಿಸಿ ಇಡಿಸಿದೆ. “ಸತ್ತವ್ರ ಮನ್ಯಾಗ ತಲಿ ಹಿಕ್ಕೋದಿಲ್ಲ. ಇವತ್ತ್ ನಮ್ಮ ಮನ್ಯಾಗ ಸಾವಾಗೇತಿ. ಹೋಗ್ರಿ ಎಲ್ಲಾರೂ,” ಎಂದೆ. ಸೂತಕಕ್ಕೆ ಇಡೀ ಶೆಡ್ಡನ್ನೇ ನಿಲ್ಲಿಸಿದವಳು ನಮ್ಮೂರಲ್ಲಿ ನೀನೊಬ್ಬಳೇ. ಯಾವ ಪೇಪರಿನಲ್ಲೂ ಬರಲಿಲ್ಲ ಅದು.

ಎರಡು ದಿನ ಬಿಟ್ಟು ಎದುರು ಮನೆಯ ಶಾಂತವ್ವನ ಮಗ ವಿರೂಪಾಕ್ಷಿ ಹುಡುಗರನ್ನು ಕಟ್ಟಿಕೊಂಡು ಬಂದ.

“ಅತ್ತಿ, ವೈರಿ ದೇಶಕ್ಕ ಕೂದಲಾ ಕಳಸೂದು ನಿಂದ್ರಸ್ರಿ. ಈ ಫೋಟೋನೂ ತಗೀರಿ.”

“ತಗೀತೀನಪಾ. ಮದ್ಲ ನಿನ್ನ ಕಿಸೆದಾಗಿನ ಮೊಬೈಲಾ ಇಲ್ಲಿಡು. ಅದ್ಯಾವ ದೇಶದ್ದು? ನೀ ಅದನ್ನಿಡು, ನಾ ಹಣಗಿ ಇಡ್ತೀನಿ.”

ಹುಡುಗರೇ ನಕ್ಕುಬಿಟ್ಟರು. ಅವನು ಮೊಬೈಲನ್ನು ಇನ್ನೂ ಒಳಕ್ಕೆ ತುರುಕಿಕೊಂಡು ಹೋದ. ಆ ನಗು ಅವನಿಗೆ ನಾಟಿತ್ತು, ಅತ್ತಿ. ನೀನಿರುವತನಕ ಬಾಯಿ ಬಿಡಲಿಲ್ಲ, ಅಷ್ಟೇ.

ಆಮೇಲೆ ಜಡ್ಡು ಬಿದ್ದು ದವಾಖಾನೆಯಲ್ಲಿ ಮಲಗಿದ್ದಾಗಲೂ ನಿನ್ನದು ಒಂದೇ ಪ್ರಶ್ನೆ. ಆ ವಾರ ಭೂಮಿಯವರು ನಿನ್ನ ಜನರಲ್ ಅನ್ನು ಸೆರೆ ಹಿಡಿದಿದ್ದರು. “ಆಕಿನ್ನ ಗಲ್ಲಿಗ ಹಾಕ್ತಾರೇನೋ ಅಳಿಯಾ?” ಎಂದೆ. “ರವಿವಾರ ಹೇಳ್ತೀನಿ ತಡಿ,” ಎಂದೆ ನಾನು. ಆದರೆ ರವಿವಾರ ಬರುವುದರೊಳಗೆ ನೀನು...

ನಿನ್ನನ್ನು ಮಣ್ಣು ಮಾಡಿ ಬಂದ ಸಂಜೆಯೇ ಅಪ್ಪ ಶೆಡ್ಡಿಗೆ ಕೀಲಿ ಹಾಕಿದ. ನಿನ್ನ ಸ್ವಂತ ತಮ್ಮ! ಫೋಟೋ ತೆಗೆಯದಿದ್ದರೆ, ಕೂದಲ ಕೆಲಸ ನಿಲ್ಲಿಸದಿದ್ದರೆ ದೇಶದ್ರೋಹಿಗಳ ಮನೆ ಎಂದು ಓಣಿಗೆಲ್ಲ ಹೇಳುತ್ತೇನೆ ಎಂದು ವಿರೂಪಾಕ್ಷಿ ಹೆದರಿಸಿದ್ದನಂತೆ. “ನಾಕ್ ಮಂದ್ಯಾಗ ಬದುಕಬೇಕಪಾ,” ಎಂದ ಅಪ್ಪ. ಆ ನಾಲ್ಕು ಮಂದಿಯಲ್ಲಿ ಕೆಲಸ ಕಳೆದುಕೊಂಡು ಬಾಗಿಲ ಮುಂದೆ ನಿಂತಿದ್ದ ಹೆಂಗಸರು ಸೇರುವುದಿಲ್ಲವಾ? ಸೂತಕ ಕಳೆಯುವತನಕ ನಾನೂ ಸುಮ್ಮನಿದ್ದೆ, ನಿನ್ನ ಮಾತಿನಂತೆ. ಕಳೆದ ಮಾರನೇ ದಿನ ರವಿವಾರ. ಅಪ್ಪನ ಎದುರಿಗೇ ಗೂಟದಿಂದ ಕೀಲಿ ತೆಗೆದುಕೊಂಡೆ. “ತಗೊಂಡೀನಪಾ. ಬೈಯೋದಿದ್ರ ಈಗ ಬೈದುಬಿಡು.” ಅಪ್ಪ ಆ ಕಡೆ ಮುಖ ಮಾಡಿಕೊಂಡ.

ಬಾಗಿಲಲ್ಲಿ ವಿರೂಪಾಕ್ಷಿ ನಿಂತಿದ್ದ. “ಫೋಟೋ ನೀ ಹರೀತಿಯೋ, ನಾ ಹರೀಲೋ?”

“ಸೈನಿಕರು ಸತ್ತಾಗ ಈ ಶೆಡ್ ಬಂದ್ ಇತ್ತು. ನೀ ಅವತ್ತ್ ಏನ್ ಬಂದ್ ಮಾಡಿದ್ದಿ? ಅದನ್ನ ಹೇಳು, ಆಮ್ಯಾಲ ಹರಿ.”

ಅವನು ಅಂಗಿ ತೋಳು ಏರಿಸಿದ. ನಾನೂ ಏರಿಸಿದೆ. ಅಷ್ಟರಲ್ಲಿ ಅವನ ಅವ್ವ ಶಾಂತವ್ವ ಹಲಗೆ ಬಗಲಲ್ಲಿಟ್ಟುಕೊಂಡು ಬಂದವಳೇ ಮಗನನ್ನು ಮೊಣಕೈಯಿಂದ ತಳ್ಳಿದಳು. “ಸರಿಯಲೇ ಮೂಳಾ! ಬಾಗಲದಾಗ ನಿಂತ್ರ ಟಿವಿ ಹೆಂಗ ಕಾಣ್ತೈತಿ? ಆಕಿ ಸಾಯ್ತಾಳೋ ಬದುಕ್ತಾಳೋ ನೋಡಬೇಕು ನಾ.” ಅವಳ ಹಿಂದೆ ಉಳಿದವರೆಲ್ಲ ಬಂದರು. ಗಂಡಸರು ಮುಟ್ಟದ ನಿನ್ನ ಹಲಗೆಯ ಮುಂದೆ ನಾನೇ ಕೂತೆ. ನಗುವವರು ನಗಲಿ. ನೀನು ದ್ರೋಹಿಯಾದರೆ ನಾನೂ ದ್ರೋಹಿಯೇ, ಬರೆದುಕೊಳ್ಳಲಿ. ಗಡಿಯಲ್ಲಿ ಎರಡೂ ಕಡೆಯ ಸೈನ್ಯ ಇನ್ನೂ ನಿಂತಿದೆ. ದೊಡ್ಡವರು ಕೂತು ಮಾತಾಡುತ್ತಲೇ ಇದ್ದಾರೆ. ನಮ್ಮ ಶೆಡ್ಡಿನ ಬಾಗಿಲು ತೆರೆದೇ ಇರುತ್ತದೆ, ಫೋಟೋ ಅಲ್ಲೇ ಇರುತ್ತದೆ. ಈಗ ಅದರ ಪಕ್ಕದಲ್ಲಿ ನಿನ್ನದೂ ಇದೆ.

ಮೊನ್ನೆ ಧಾರಾವಾಹಿ ಮುಗಿಯಿತು. ರವಿವಾರ ಹೇಳುತ್ತೇನೆ ಎಂದಿದ್ದೆನಲ್ಲ, ಕೇಳು. ಭೂಮಿಯವರ ಕೋರ್ಟು ಅವಳಿಗೆ ಹೇಳಿತು: ನಿನ್ನ ಕೂದಲು ಕತ್ತರಿಸಿ ನಮ್ಮ ಮುಂದಿಡು, ಶರಣಾದೆ ಅಂದುಕೊಂಡು ನಿನ್ನನ್ನು ಜೀವಸಹಿತ ಬಿಡುತ್ತೇವೆ. ಅವಳು ಮೆಲ್ಲಗೆ ಎದ್ದು, ಜಡೆ ಬಿಚ್ಚಿ ಹರಡಿ, ಯುದ್ಧ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕುತ್ತೇನೆ, ಕೂದಲು ಕೊಡುವುದಿಲ್ಲ ಎಂದಳು. ಶಾಂತವ್ವ ಎದ್ದು ನಿಂತುಬಿಟ್ಟಳು. ಕಿಟಕಿಯ ಹೊರಗಿನಿಂದ ಒಂದು ದನಿ ಬಂತು: “ಬಿಟ್ರೇನಲೇ ಆಕಿನ್ನ?” ವಿರೂಪಾಕ್ಷಿ!

“ಒಳಗ ಬಂದು ನೋಡು,” ಎಂದೆ.

ಬಿಟ್ಟರು ಅತ್ತಿ. ಒಂದು ಎಳೆಯನ್ನೂ ಕೊಡದೆ, ನೀನು ಹಿಕ್ಕಿದ ಆ ಕೂದಲನ್ನು ಬೆನ್ನ ತುಂಬ ಬಿಟ್ಟುಕೊಂಡು, ಅವಳು ತನ್ನ ಹಡಗು ಹತ್ತಿದಳು.