ಮಗ ಹೊದೆಯದ ಚಾಪೆ

ಫಲೆತಾಯಿ, ಸವಾಯಿ ದ್ವೀಪ
ಭಾನುವಾರ, ಜೂನ್ 9

ಪ್ರೀತಿಯ ಮಲಾಕಿಗೆ,

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಆಪಿಯಾದಲ್ಲಿ ನಿಮ್ಮ ತಂಗಿಯ ಮನೆಯ ಊಟ ಒಗ್ಗಿದೆ ಎಂದು ಬರೆದಿದ್ದೀರಿ, ನಾನಂತೂ ನಂಬುವುದಿಲ್ಲ. ತೆಂಗಿನಹಾಲನ್ನು ನೀರು ಮಾಡಿ ಬಡಿಸುವವಳು ಅವಳು. ಹಡಗಿನಲ್ಲಿ ದಾಟಿ ಬರುವ ಬಸ್ಸಿನ ಸೀಮಿ ಕೈಯಲ್ಲಿ ಈ ಪತ್ರದ ಜೊತೆ ಸುಟ್ಟ ಕೆಸುವಿನ ಗೆಡ್ಡೆ ಕಳಿಸಿದ್ದೇನೆ. ಒಬ್ಬರೇ ತಿನ್ನಿ, ಊರಿಗೆಲ್ಲ ಹಂಚಲು ಹೋಗಬೇಡಿ. ನಾನೂ ನಮ್ಮ ಸೆಲಾ ಪುಟ್ಟಿಯೂ ಚೆನ್ನಾಗಿದ್ದೇವೆ. ನಿಮ್ಮ ಅಮ್ಮ ಹೇಗಿದ್ದಾರೆ ಎಂದು ಕೇಳಿದ್ದೀರಿ, ಅದಕ್ಕೆ ಬರುತ್ತೇನೆ.

ನಿಮ್ಮನ್ನು ಊರಾಚೆ ಹಾಕಿದ ಮೇಲೆ ಅತ್ತೆಯ ಆರೈಕೆಗೆಂದು ನಮ್ಮಿಬ್ಬರನ್ನು ಉಳಿಸಿಕೊಂಡದ್ದೇ ದೊಡ್ಡ ಉಪಕಾರವೆಂಬಂತೆ ಊರು ನಡೆದುಕೊಳ್ಳುತ್ತಿದೆ. ಇಗರ್ಜಿಯಲ್ಲಿ ನಮ್ಮ ಬೆಂಚಿಗೆ ಯಾರೂ ಬರುವುದಿಲ್ಲ. ಸೆಲಾ ರಾಣಿಯ ಹಾಗೆ ಕಾಲು ಚಾಚಿ ಕೂರುತ್ತಾಳೆ. ಮುಖಂಡರ ಸಭೆಯಲ್ಲಿ ಒಬ್ಬೊಬ್ಬರ ಹೆಸರು ಕೂಗಿ ಕವಾ ಪಾನೀಯ ಹಂಚುವಾಗ ನಿಮ್ಮ ಹೆಸರು ಬರುವ ಹೊತ್ತಿಗೆ ಕೂಗುವವನು ಗಂಟಲು ಸರಿಪಡಿಸಿಕೊಂಡು ಮುಂದಿನ ಹೆಸರಿಗೆ ಹೋಗುತ್ತಾನಂತೆ. ನೀವು ಊರಿನ ಪರವಾಗಿ ಮಾತಾಡುವ ಮುಖಂಡರು, ಸಭೆ ತೀರ್ಮಾನಿಸಿದ್ದನ್ನು ಕೋಲೂರಿ ನಿಂತು ಸಾರುವುದು ನಿಮ್ಮ ಕೆಲಸ. ಚುನಾವಣೆಯಲ್ಲಿ ಊರಿನ ಮತವೆಲ್ಲ ಆಳುವ ಪಕ್ಷದಿಂದ ನಿಂತ ಆ ಮನುಷ್ಯನಿಗೆ ಎಂದು ಎರಡು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನೀವು ಹೇಳಿದ್ದೇ ಬೇರೆ: 'ಚಂಡಮಾರುತದಲ್ಲಿ ಮನೆ ಕಳಕೊಂಡೋರಿಗೆ ಬಂದ ತಗಡು ಅವನ ಹಂದಿಗೂಡಿನ ಮೇಲಿದೆ. ನಾನೇ ಕಂಡಿದ್ದೀನಿ. ಅವನಿಗೋಸ್ಕರ ಈ ನಾಲಿಗೆ ಏಳಲ್ಲ.' ಕೋಲು ಕೆಳಗಿಟ್ಟು ಬಂದಿರಿ. ಅವತ್ತು ಹೊಟ್ಟೆಗೇನು ತಿನ್ನೋದು ಎಂದು ನಾನು ಜಗಳವಾಡಿದೆ. ಈಗ ಸಿಟ್ಟೆಲ್ಲ ಹೋಗಿದೆ, ದುಃಖ ಮಾತ್ರ ಉಳಿದಿದೆ.

ಕಳೆದ ತಿಂಗಳು ಅತ್ತೆ ಹಾಸಿಗೆ ಹಿಡಿದರು. ನಿಮಗೆ ತಿಳಿಸಲು ಅವರೇ ಬಿಡಲಿಲ್ಲ. ಹಿರಿಯ ಮುಖಂಡ ತಾಲಿಮಾ ನೋಡಲು ಬಂದು, 'ಮಲಾಕಿ ಬಂದು ಸಭೆ ಮನೆ ಎದುರು ಚಾಪೆ ಹೊದ್ದು ಕೂತ್ಕೊಳ್ಲಿ, ತಪ್ಪಾಯ್ತು ಅನ್ಲಿ. ನಾವೇನು ರಾಕ್ಷಸರಾ? ಎಬ್ಬಿಸಿ ಕರ್ಕೋತೀವಿ, ತಾಯಿ ಮುಖ ನೋಡ್ಲಿ' ಅಂದರು. ಅವರ ಕಣ್ಣಲ್ಲೂ ನೀರಿತ್ತು, ಇಲ್ಲವೆನ್ನಲಾರೆ. ನೀವು ಬಂದೇ ಬರುತ್ತೀರೆಂದು ನಂಬಿ ಪಕ್ಕದ ಮನೆಯ ಹೆಂಗಸರು ಮರುದಿನವೇ ತಮ್ಮಲ್ಲಿದ್ದ ಅತಿ ನವಿರಾದ ಚಾಪೆಯನ್ನು ತಂದಿಟ್ಟರು. ಅಂಥದ್ದನ್ನು ಸಾವಿನ ಮನೆಗೂ ತರುತ್ತಾರಲ್ಲ, ಅತ್ತೆ ತಲೆಯೆತ್ತಿ, 'ಯಾರೇ ಹೋಗಿದ್ದು? ನಾನಿನ್ನೂ ಇದ್ದೀನಲ್ಲೇ!' ಎಂದು ಗದರಿದರು. ಎಲ್ಲರೂ ನಕ್ಕರು, ಅವರೂ ನಕ್ಕರು. ವಿಷಯ ತಿಳಿದ ಮೇಲೆ ನಗಲಿಲ್ಲ. 'ಕೊಲೆ ಮಾಡಿದೋನು ಹೊದೀಲಿ, ಕದ್ದೋನು ಹೊದೀಲಿ. ನನ್ ಮಗ ಹೊದ್ರೆ ಅವ್ನು ಹೇಳಿದ್ದು ಸುಳ್ಳು ಅಂತಾಗತ್ತೆ. ತಗೊಂಡ್ಹೋಗ್ರೇ ಅದನ್ನ' ಎಂದರು. ಪಾಪ, ಆ ಹೆಂಗಸರು ಅಳುತ್ತಲೇ ಹೊತ್ತುಕೊಂಡು ಹೋದರು.

ಅತ್ತೆಯದು ಕಲ್ಲೆದೆ ಅಂದುಕೊಳ್ಳಬೇಡಿ. ಬಸ್ಸು ನಿಂತ ಸದ್ದಾದರೆ ದಾರಿಯ ಕಡೆ ಹೊರಳುತ್ತಿದ್ದರು. ನಿಮ್ಮ ಹಳೆಯ ಅಂಗಿಯನ್ನು ದಿಂಬಿನ ಮೇಲೆ ಹಾಸಿಸಿಕೊಂಡಿದ್ದರು, ಒಗೆಯಲು ಕೊಡುತ್ತಿರಲಿಲ್ಲ. ಅದನ್ನು ನೋಡಿದಾಗಲೆಲ್ಲ ನಿಮಗೊಂದು ಸಾಲು ಬರೆದುಬಿಡೋಣ ಅನಿಸುತ್ತಿತ್ತು. ತಡೆದುಕೊಂಡೆ.

ತಂಗಿಗೂ ಅವಳ ಮಕ್ಕಳಿಗೂ ನಾನು ಕೇಳಿದೆನೆಂದು ಹೇಳಿ. ನಿಮ್ಮ ನಾಲಿಗೆಯನ್ನೂ ಎದೆಯನ್ನೂ ದೇವರು ಹೀಗೇ ಕಾಯಲಿ.

ನಿಮ್ಮ,
ಸಿನಿವಾ

ಮತ್ತೆ: ಬರೆಯಲು ಕೈ ಬರದೆ ಇಷ್ಟು ಹೊತ್ತು ಸುತ್ತಿ ಬಳಸಿದೆ. ಅತ್ತೆ ಮಂಗಳವಾರ ತೀರಿಕೊಂಡರು. 'ಮಣ್ಣು ಮಾಡಿದ್ಮೇಲೆ ತಿಳಿಸು. ಮೊದ್ಲೇ ಗೊತ್ತಾದ್ರೆ ಅವ್ನು ಬಾಗಿಬಿಡ್ತಾನೆ' ಎಂದು ಬೈಬಲ್ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದರು. ಮನೆಯ ಮುಂದೆ, ಮಾವನ ಪಕ್ಕದಲ್ಲೇ ಮಲಗಿಸಿದ್ದೇವೆ. ಊರಿನ ಎಲ್ಲರ ಸಾವಿಗೂ ಎದ್ದು ಮಾತಾಡಿದವರು ನೀವು. ನಿಮ್ಮ ಅಮ್ಮನಿಗಾಗಿ ಒಬ್ಬರೂ ಏಳಲಿಲ್ಲ. ಕೊನೆಗೆ ನಾನೇ ಎದ್ದೆ. ಮಗ ಯಾಕೆ ಬಂದಿಲ್ಲ ಎಂದು, ಆ ತಗಡಿನ ವಿಷಯವೂ ಸೇರಿ, ತಾಲಿಮಾರ ಎದುರೇ ಗಟ್ಟಿಯಾಗಿ ಹೇಳಿಬಿಟ್ಟೆ. ಈಗ ನಮ್ಮನ್ನೂ ಹೊರಡಿ ಅಂದಿದ್ದಾರೆ. ಗುರುವಾರದ ಹಡಗಿಗೆ ನಾನೂ ಸೆಲಾಳೂ ಬರುತ್ತೇವೆ. ಬಂದರಿನಲ್ಲಿರಿ. ಒಬ್ಬರೇ ಅಳಬೇಡಿ, ನಾನು ಬರುವವರೆಗೆ ಕಾಯಿರಿ.