ಮರ್ವಾಳ ಮೇಲೆ ಹಚ್ಚಿದವರಿಗೆ

ಅಲ್ ಕುಸೈಸ್, ದುಬೈ
೧೨ ಜೂನ್ ೨೦೧೮

ಅಪೂರ್ವಾಳ ತಂದೆಯವರಿಗೆ,

ತಾರಾಬಾಯಿಯ ನಮಸ್ಕಾರ. ನಿಮ್ಮ ಕೆಲಸದೂರು ಮದೀನತ್ ಜಾಯೆದ್‌ನಲ್ಲಿ ರೂಮಿನ ಎ.ಸಿ. ನೆಟ್ಟಗಿದೆ, ಊಟ ನಿದ್ದೆಗೆ ಕೊರತೆಯಿಲ್ಲ ಎಂದು ಪ್ರೀತಮ ಹೇಳಿದ. ಕೇಳಿ ನನಗೇನೂ ಸಂತೋಷವಾಗಲಿಲ್ಲ. ಉತ್ತರ ತಡವಾಯಿತು, ಕ್ಷಮೆ ಇರಲಿ. ಬರೆದು ಬರೆದು ಹರಿದೆ. ವಾಟ್ಸ್ಯಾಪಿನಲ್ಲಿ ಬರೆದರೆ ಒಂದು ಹೆಬ್ಬೆರಳು ಒತ್ತಿ ಕೈತೊಳೆದುಕೊಳ್ಳುತ್ತೀರಿ, ಅದಕ್ಕೇ ಈ ಕಾಗದ. ನಿಮ್ಮ ರೂಮ್‌ಮೇಟ್ ಪ್ರೀತಮನೇ ಇಲ್ಲಿನ ಟ್ರೇನಿಂಗ್ ಮುಗಿಸಿ ಬರುವಾಗ ತರುತ್ತಾನೆ.

ಮೊದಲು ಮುಖ್ಯ ವಿಷಯ. ಈದ್ ರಜೆಗೆ ಮನೆಗೆ ಬರುವೆನೆಂದು ತಿಳಿಸಿದ್ದೀರಿ. ಬರಬೇಡಿ. ಮಗಳು ನಿಮ್ಮ ಮುಖ ನೋಡುವ ಸ್ಥಿತಿಯಲ್ಲಿಲ್ಲ, ನನಗಂತೂ ನೋಡುವ ಮನಸ್ಸಿಲ್ಲ.

ನಿಮಗೆ ಗಾಲ್ಫ್ ಹುಚ್ಚು ಹಿಡಿದಾಗ ನಾನು ನಕ್ಕವಳು. ಬಾಗಲಕೋಟೆಯಲ್ಲಿ ಚಿಣಿಪಣಿ ಆಡಿದ ಗಂಡಸಿಗೆ ಸಾಹೇಬರ ಆಟ ಎಂದು ಚೇಷ್ಟೆ ಮಾಡಿದ್ದೆ. ಆದರೆ ಆಟ ನಿಮಗೆ ಎಂದೂ ಬೇಕಿರಲಿಲ್ಲ. ನೂರಾರು ಜನ ಆಡುವ ಪಂದ್ಯದಲ್ಲಿ ಕಪ್ ಯಾರಿಗೆ ಎಂಬುದೂ ಬೇಕಿರಲಿಲ್ಲ. ಅಷ್ಟು ಜನರಲ್ಲಿ ಇಬ್ಬರನ್ನು ಆರಿಸಿ, ನನ್ನವನು ಮುಂದೋ ನಿನ್ನವನು ಮುಂದೋ ಎಂದು ಪ್ರೀತಮನ ಎದುರು ರೊಕ್ಕ ಹಚ್ಚುವುದು. ಆ ಇಬ್ಬರೂ ಪಟ್ಟಿಯ ತಳಕ್ಕಿಳಿದರೂ ನಿಮ್ಮಲ್ಲೊಬ್ಬರು ಗೆದ್ದಂತೆ. ‘ಮ್ಯಾಚಪ್’ ಎಂದು ಅದಕ್ಕೊಂದು ಹೆಸರು ಬೇರೆ. ಜೂಜಿನಲ್ಲಿ ಸಿಕ್ಕಿಬಿದ್ದರೆ ವೀಸಾ ಖಲಾಸ್ ಎಂದು ನಾನು ಹೆದರಿಸಿದೆ. “ರೂಮಿನ್ಯಾಗಿಂದು ರೂಮಿನ್ಯಾಗ ಇರ್ತದ, ಬಿಡು” ಎಂದಿರಿ.

ಜನವರಿಯಲ್ಲಿ ಪಿಕ್ನಿಕ್ ಎಂದು ನಮ್ಮನ್ನು ಅಬುಧಾಬಿಯ ಟೂರ್ನಮೆಂಟಿಗೆ ಕರೆದೊಯ್ದಿರಿ. ಚಪಾತಿ ಡಬ್ಬಿ ಹೊತ್ತುಕೊಂಡು, ಹಗ್ಗದ ಈಚೆ, ನಿಮ್ಮ ಇಬ್ಬರು ಆಟಗಾರರ ಬೆನ್ನು ಹತ್ತಿ ನಡೆದದ್ದೇ ಬಂತು. ಉದ್ದ ಕೂದಲಿನವನ ಚೆಂಡು ಕುಳಿಗೆ ಬಿದ್ದಾಗ ಅಪೂರ್ವಾ ಚಪ್ಪಾಳೆ ತಟ್ಟಿದಳು. ನೀವು ಅವಳ ಕೈ ಹಿಡಿದು ಕೆಳಗಿಳಿಸಿದಿರಿ. “ಅವ ನಮ್ಮವ ಅಲ್ಲ!” ಮತ್ತೊಬ್ಬನಾದರೂ ನಿಮಗೆ ಯಾವ ಬೀಗ?

ಹೋದ ಶುಕ್ರವಾರ ಪ್ರೀತಮ ನೀವು ಕಳಿಸಿದ ಹೆಡ್‌ಫೋನ್ ತಂದುಕೊಟ್ಟ. ಹತ್ತನೇ ತರಗತಿಯ ರಿಸಲ್ಟಿಗೆ ಅಪ್ಪನ ಉಡುಗೊರೆ ಎಂದು ಅಪೂರ್ವಾ ಅದನ್ನು ಕೊರಳಿಗೆ ಹಾಕಿಕೊಂಡೇ ಅವನಿಗೆ ಚಹಾ ಕೊಟ್ಟಳು. ಆ ಪುಣ್ಯಾತ್ಮ ನಗುತ್ತ, “ಏನವಾ, ನನ್ನ ಮುಳುಗಿಸಿಬಿಟ್ಟಿ ನೋಡು! ಮಾರ್ಕ್ಸು ಯಾರಿಗೆ ಜಾಸ್ತಿ ಅಂತ ನಾ ನಿನ್ನ ಮ್ಯಾಲೆ ಹಚ್ಚಿದ್ದೆ. ನಿಮ್ಮಪ್ಪಾರು ಮರ್ವಾನ ಮ್ಯಾಲೆ ಹಚ್ಚಿ ಗೆದ್ದುಬಿಟ್ರು. ಇದು ಅದೇ ರೊಕ್ಕದ್ದು” ಎಂದ.

ಮರ್ವಾ! ಮೇಲಿನ ಫ್ಲ್ಯಾಟಿನ ಭಟ್ಕಳದ ಕುದ್ಸಿಯಾಳ ಮಗಳು. ಇಬ್ಬರಿಗೂ ಒಂದೇ ಕ್ಲಾಸು, ಒಂದೇ ಬಸ್ಸು. ಆ ಹುಡುಗಿಯದೇನೂ ತಪ್ಪಿಲ್ಲ. ಆದರೆ ಈಗ ನಮ್ಮವಳು ಅವಳನ್ನು ತಪ್ಪಿಸಲು ಲಿಫ್ಟ್ ಬಿಟ್ಟು ಮೆಟ್ಟಿಲಿಳಿದು ಹೋಗುತ್ತಾಳೆ.

“ಪಪ್ಪಾ ಬೆಟ್ ಅಗೇನ್ಸ್ಟ್ ಮೀ?” ಎಂದಷ್ಟೇ ಕೇಳಿದಳು. ಹೆಡ್‌ಫೋನ್ ತೆಗೆದು ಟೀಪಾಯಿಯ ಮೇಲಿಟ್ಟು ಒಳಗೆ ಹೋದಳು. ಪ್ರೀತಮ ಚಹಾ ಕುಡಿಯದೆ ಎದ್ದ.

ಅವತ್ತೇ ಫೋನ್ ಮಾಡಿದರೆ ನೀವು ನನಗೆ ಪಾಠ ಹೇಳಿದಿರಿ. “ಮ್ಯಾಚಪ್‌ನ್ಯಾಗ ಮನಸ್ಸು ತರಬಾರದು ತಾರಾ. ಯಾರು ನಮ್ಮವರು ಅಂತಲ್ಲ, ಯಾರು ಗೆಲ್ತಾರ ಅಂತ ನೋಡಬೇಕು.” ನನ್ನ ಸಿಟ್ಟು ನೆತ್ತಿಗೇರಿತು. ಅವಳೇನು ನಿಮಗೆ ಟೋಪಿ ಹಾಕಿಕೊಂಡ ಗಾಲ್ಫಿನವನೇ? ಮಗಳು ಸೋಲುತ್ತಾಳೆಂದು ಗೊತ್ತಿದ್ದೂ ಅವಳ ಮೇಲೆ ಹಚ್ಚಿ ರೊಕ್ಕ ಕಳೆದುಕೊಳ್ಳುವುದಕ್ಕೇ ಅಪ್ಪ ಅನ್ನುವವನು ಇರುವುದು. ಅಷ್ಟು ಸಣ್ಣ ಸೋಲೂ ನಿಮ್ಮಿಂದ ಆಗಲಿಲ್ಲ. ಕೈಗೆ ಬಂದ ರೊಕ್ಕದಲ್ಲಿ ಅವಳಿಗೇ ಉಡುಗೊರೆ ತಂದಿರಲ್ಲ, ಅದಕ್ಕೆ ಏನನ್ನಬೇಕೋ ನನಗೆ ತಿಳಿಯದು.

ಉಳಿದ ಸುದ್ದಿ. ವಾಷಿಂಗ್ ಮಷೀನ್ ರಿಪೇರಿಯಾಯಿತು. ನಿಮ್ಮ ತಾಯಿಯವರ ಮೊಣಕಾಲು ಈಗ ಪರವಾಗಿಲ್ಲವಂತೆ, ಬಾಗಲಕೋಟೆಯಿಂದ ಫೋನ್ ಬಂದಿತ್ತು. ಅವರಿಗೆ ಇದೊಂದನ್ನೂ ಹೇಳಿಲ್ಲ. ಅಪೂರ್ವಾ ಊಟ ಮಾಡುತ್ತಾಳೆ, ಸ್ಕೂಲಿಗೆ ಹೋಗುತ್ತಾಳೆ, ನಿಮ್ಮ ಫೋನ್ ಮಾತ್ರ ಎತ್ತುವುದಿಲ್ಲ.

ಹೆಡ್‌ಫೋನ್ ಇದರ ಜೊತೆ ವಾಪಸು ಕಳಿಸಿದ್ದೇನೆ. ರಜೆಯಲ್ಲಿ ಅಮೆರಿಕದಲ್ಲೇನೋ ದೊಡ್ಡ ಪಂದ್ಯವಂತೆ, ಕಾಲು ಚಾಚಿ ಕೂತು ನೋಡಿ. ದೇವರು ನಿಮಗೆ ಆಯುಷ್ಯ, ಆರೋಗ್ಯ ಕೊಡಲಿ. ಬುದ್ಧಿ ಕೊಡು ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ.

ಇಂತಿ,
ತಾರಾಬಾಯಿ

ತಾ.ಕ.: ಲಿಫ್ಟಿನ ತನಕ ಕಳಿಸಲು ಹೋದಾಗ ಪ್ರೀತಮ ಇನ್ನೊಂದು ಮಾತು ಹೇಳಿದ. “ಸರ್ ಮೊದಲು ಅಪೂರ್ವಾನ ಮ್ಯಾಲೇ ಹಚ್ಚಿದ್ರು ವೈನಿ. ಗಣಿತ ಪೇಪರ್ ದಿನ ಅವರಿಗೊಂದು ಫೋನ್ ಬಂತು. ಮಾತು ಮುಗಿಸಿದವರು, ಹುಡುಗ್ಯಾರನ್ನ ಅದಲಿ ಬದಲಿ ಮಾಡೂಣು ಅಂದ್ರು. ನನಗೇನ್ ಗೊತ್ತಿತ್ತು, ಹೂಂ ಅಂದೆ.”

ಆ ಫೋನ್ ನನ್ನದು. ಕೊನೆಯ ಪುಟದ ಲೆಕ್ಕಗಳನ್ನು ನೋಡದೇ ಬಿಟ್ಟುಬಂದು, ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿ ಅತ್ತಿದ್ದಳು ಅಪೂರ್ವಾ. ಯಾರಿಗೂ ಹೇಳುವುದಿಲ್ಲ ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಅವಳ ಜೊತೆ ಎರಡು ಸಮಾಧಾನದ ಮಾತಾಡುವಿರೆಂದು ನಿಮಗೊಬ್ಬರಿಗೆ ಹೇಳಿದೆ. ಅವಳಿಗೆ ಫೋನ್ ಕೊಡು ಎಂದು ನೀವು ಕೇಳಲೂ ಇಲ್ಲ.

ಈಗ ಅವಳು ದಿನವೂ ನನ್ನನ್ನು ಕೇಳುತ್ತಾಳೆ: “ಹೌ ಡಿಡ್ ಪಪ್ಪಾ ನೋ?” ನನಗೆ ಗೊತ್ತಿಲ್ಲ ಎಂದು ಹೇಳಿದ್ದೇನೆ. ನೀವು ಬಂದರೆ ನಿಮ್ಮನ್ನೇ ಕೇಳುತ್ತಾಳೆ. ಬರಬೇಡಿ.