ಎಂಟು ಗಂಟೆಯ ಹನಿ

2 ಜೂನ್ 2024, ಭಾನುವಾರ

ಮತ್ತೆ ಹನ್ನೊಂದು ನಿಮಿಷ ಲೇಟು! ಎಂಟಕ್ಕೆ ಹೊರಟರೆ ಎಂಟೂಕಾಲಿನ ಆರಾಧನೆಗೆ ಸರಿ. ನಾನು ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡು ಗೇಟಿನಲ್ಲಿ, ನನ್ನ ಹೆಂಡತಿ ಸುಷ್ಮಾ ಪಕ್ಕದ ಮನೆಯ ಮಾಬೂಬೀ ಹತ್ತಿರ. ಚರ್ಚಿಗೆ ಹೊರಡುವ ಹೊತ್ತಿಗೇ ಆ ಮುದುಕಿಯ ನೆನಪು ಇವಳಿಗೆ! ಒಳಗೆ ಹೋದಾಗ ಎಲ್ಲರೂ ತಿರುಗಿ ನೋಡಿದರು. ಮಾನ ಹೋಯಿತು.

"ರೀ, ಅವ್ರಿಗೆ ಕಣ್ಣಿಂದು..." ಎಂದಳು.

"ಕಾರಣ ಬ್ಯಾಡ. ಟೈಮ್ ಅಂದ್ರೆ ಟೈಮ್."

ದೇವರು ಕೊಟ್ಟ ಹೊತ್ತಿಗೆ ನಾಳೆ ಉತ್ತರ ಹೇಳಬೇಕಲ್ಲ. ಇವಳಿಗೆ ಯಾವಾಗ ತಿಳಿಯುತ್ತದೋ.

5 ಜೂನ್, ಬುಧವಾರ

ಹರಿಹರದ ಸಭೆಯಿಂದ ಫೋನ್. 16ರಂದು ಒಂಬತ್ತಕ್ಕೆ ನನ್ನ ಭಾಷಣ — ಕ್ರೈಸ್ತ ಜೀವನದಲ್ಲಿ ಸಮಯ ಪಾಲನೆ. ಆರು ಹಾಳೆ ಬರೆದಾಯಿತು.

ಸುಷ್ಮಾ ದಿನಕ್ಕೆ ನಾಲ್ಕು ಸಲ ಆ ಮನೆಗೆ. ನಾಲ್ಕು ಸಲ! ನಲವತ್ನಾಲ್ಕು ನಿಮಿಷ ಬರೀ ಹರಟೆ. ಭಾಷಣಕ್ಕೆ ಒಳ್ಳೆಯ ಉದಾಹರಣೆ. ಹೆಸರು ಹೇಳುವುದಿಲ್ಲ, ಅಷ್ಟೇ.

9 ಜೂನ್, ಭಾನುವಾರ

ಇವತ್ತು ಬಿಡಲಿಲ್ಲ. 7.50ಕ್ಕೇ ರಟ್ಟೆ ಹಿಡಿದು ಸ್ಕೂಟರ್ ಹತ್ತಿಸಿದೆ.

"ಹತ್ತು ನಿಮಿಷ ರೀ, ಕೈ ಮುಗೀತೀನಿ."

"ಬಾಯಿ ಮುಚ್ಕೊಂಡು ಕೂತ್ಕೋ."

ಮೊದಲ ಬೆಂಚು. ಗಂಟೆ ಹೊಡೆಯುವ ಮೊದಲೇ! ಅವಳು ಒಂದು ಹಾಡಿಗೂ ತುಟಿ ಬಿಚ್ಚಲಿಲ್ಲ. ಬಿಚ್ಚದಿದ್ದರೆ ಬಿಡಲಿ.

12 ಜೂನ್, ಬುಧವಾರ

ಮಾಬೂಬೀ ಕಣ್ಣಲ್ಲಿ ಕೀವಾಗಿದೆ. ಸುಷ್ಮಾ ಪಿ.ಜೆ. ಬಡಾವಣೆಯ ಡಾಕ್ಟರಿಗೆ ತೋರಿಸಿಕೊಂಡು ಬಂದಳು. ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ಶುರು ಮಾಡಿದಳು.

"ಪೊರೆ ಆಪರೇಷನ್ ಆಗೈತೆ ಅವ್ರಿಗೆ. ಕೈ ನಡುಗ್ತಾವೆ. ಒಂದು ಹನಿ ಹಾಕಿ ಐದು ನಿಮಿಷ ಕಣ್ ಮುಚ್ಚಿಸ್ಬೇಕು. ಆಮೇಲೆ ಇನ್ನೊಂದು ಬಾಟ್ಲಿದು, ಮತ್ತೆ ಐದು ನಿಮಿಷ. ಎಂಟಕ್ಕೆ ಅಂದ್ರೆ ಎಂಟಕ್ಕೇ. ಹದಿನೆಂಟು ದಿನ ನಾನು ಒಂದು ನಿಮಿಷ ತಪ್ಪಿಸಿಲ್ಲ. ಭಾನುವಾರ ನೀವು ತಪ್ಪಿಸಿದ್ರಿ! ಕಾದು ಕಾದು ತಾವೇ ಹಾಕ್ಕೊಳಾಕೆ ಹೋಗಿ ಬಾಟ್ಲಿ ಮೂತಿ ಕಣ್ಣಿಗೆ ಚುಚ್ಕೊಂಡ್ರು."

ಕಣ್ಣು ಉಳಿಯುತ್ತದೋ ಇಲ್ಲವೋ, ಡಾಕ್ಟರ್ ಹೇಳುತ್ತಿಲ್ಲ.

"ಹರಿಹರಕ್ಕೆ ನೀವೊಬ್ರೇ ಹೋಗ್ರಿ. ಇನ್ಮ್ಯಾಗೆ ಚರ್ಚಿಗೂ ಒಬ್ರೇ ಹೋಗ್ರಿ."

ಥೂ ನನ್ನ ಜನ್ಮಕ್ಕೆ. ಮೂರು ವಾರದಿಂದ ಗೇಟಿನಲ್ಲಿ ನಿಂತು ವಾಚು ನೋಡಿದೆನೇ ಹೊರತು ಒಂದು ಸಲ ಒಳಗೆ ಹೋಗಿ ನೋಡಲಿಲ್ಲ. ಆರೂ ಹಾಳೆ ಹರಿದು ಹಾಕಿದೆ. ಸಿಟ್ಟು ಮಾತ್ರ ಇಳಿಯುತ್ತಿಲ್ಲ.

16 ಜೂನ್, ಭಾನುವಾರ. ಬೆಳಿಗ್ಗೆ 8.01

ಮಾಬೂಬೀ ಮನೆ. ಮೊದಲ ಹನಿ ಹಾಕಿ, ಐದು ನಿಮಿಷ ಕಾಯುತ್ತಾ ಇದನ್ನು ಬರೆಯುತ್ತಿದ್ದೇನೆ. ಬಾಟಲಿ ಸುಷ್ಮಾಳೇ ಕೈಗಿಟ್ಟಳು. ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಾಳೆ.

"ಯಾರ್ರಿ? ಸುಷ್ಮಾ ಕೈಯಲ್ಲ ಇದು," ಎಂದರು ಮಾಬೂಬೀ, ಕಣ್ಣು ಮುಚ್ಚಿಕೊಂಡೇ.

"ನಾನ್ರಿ, ಅವಳ ಗಂಡ."

"ಅಯ್ಯೋ, ಇವತ್ತು ಭಾನುವಾರ ಅಲ್ಲೇನ್ರಿ? ನಿಮಗೆ ಲೇಟಾಗ್ತೈತೆ. ಹೋಗ್ರಿ, ಹೋಗ್ರಿ."

ಜೇಬಿನಲ್ಲಿ ಫೋನ್ ಬಡಿದುಕೊಳ್ಳುತ್ತಿದೆ. ಹರಿಹರದವರು. ಬಡಿದುಕೊಳ್ಳಲಿ.

"ಕೂಡ್ರಿ ಸುಮ್ನೆ. ಇನ್ನೂ ಮೂರು ನಿಮಿಷ ಐತೆ," ಎಂದೆ. ದನಿ ಒರಟಾಗೇ ಬಂತು. ಸುಷ್ಮಾ ಒಳಗೆ ಬಂದು ಕೂತಳು. ಇನ್ನು ಒಂದೇ ನಿಮಿಷ. ಎರಡನೇ ಬಾಟಲಿಯ ಮುಚ್ಚಳ ತೆಗೆಯಬೇಕು, ಪೆನ್ನು ಕೆಳಗಿಡುತ್ತೇನೆ.